ಹೆಣ ಸಿಗದ ಮೀನುಗಳು

ಮೊನ್ನೆ ಮಗಳು ಗಾಜಿನ ತೊಟ್ಟಿಯ ಮೀನುಗಳಿಗೆಂದು ತಂದ ಆಹಾರದ ಪೊಟ್ಟಣವನ್ನು ಕತ್ತರಿಸಿದಳು. ಒಣಮೀನಿನ ಪುಡಿಯ ಆ ಘಾಟು ಮೂಗಿಗೆ ಬಡಿದದ್ದೇ ನಾನು ಎದ್ದು ಹೊರಗೆ ಹೋದೆ. ಮಂಗಲ್ಪಾಡಿಯ ಹಿನ್ನೀರಿನ ಬದಿಯ ಮೀನುಮರಿ ಸಾಕಣೆ ಕೇಂದ್ರ, ಅಲ್ಲಿ ಕೆಲಸಕ್ಕಿದ್ದ, ನಾನು ಅಕ್ಕ ಎಂದೇ ಕರೆಯುತ್ತಿದ್ದ ಹೆಂಗಸು... ಹನ್ನೊಂದು ವರ್ಷವಾಯಿತು.

ನಾನಾಗ ಗಣಿತದಲ್ಲಿ ಸಂಶೋಧನೆ ಮಾಡುತ್ತಿದ್ದೆ. ಬಾಯಾರಿನ ಸಸ್ಯಾಹಾರಿ ಮನೆಯವಳು, ಜೀವಂತ ಮೀನನ್ನು ಮುಟ್ಟಿದವಳೂ ಅಲ್ಲ. ವಿಷಯ ಮಾತ್ರ ಕಾಳಾಂಜಿ ಮೀನಿನ ಮರಿಗಳು ಒಂದನ್ನೊಂದು ತಿನ್ನುವುದು. ಒಂದೇ ದಿನ ಹುಟ್ಟಿದವುಗಳಲ್ಲೂ ಕೆಲವು ಬೇಗ ಬೆಳೆಯುತ್ತವೆ. ದೊಡ್ಡದರ ಬಾಯೊಳಗೆ ಚಿಕ್ಕದರ ತಲೆ ಹಿಡಿಸುವಷ್ಟು ಅಂತರ ಬಂದರೆ ಮುಗಿಯಿತು. ಅದು ಯಾವ ದಿನ ಬರುತ್ತದೆ, ಆಮೇಲೆ ಎಷ್ಟು ಮರಿಗಳು ಉಳಿಯುತ್ತವೆ ಎಂದು ಸಮೀಕರಣದಿಂದ ಮೊದಲೇ ಹೇಳುವುದು ನನ್ನ ಕೆಲಸವಾಗಿತ್ತು.

ಅಕ್ಕ ನಾಲ್ಕು ದಿನಕ್ಕೊಮ್ಮೆ ಟ್ಯಾಂಕಿಗಿಳಿದು, ತೂತಿನ ಬುಟ್ಟಿಯಲ್ಲಿ ಮರಿಗಳನ್ನೆತ್ತಿ, ದೊಡ್ಡವನ್ನು ಬೇರೆ ಮಾಡುತ್ತಿದ್ದರು. ಒಮ್ಮೆ ಅವರು ಅಂಗೈಯಲ್ಲಿಟ್ಟು ತೋರಿಸಿದ ಮರಿಯ ಬಾಯಿಂದ ಇನ್ನೊಂದರ ಬಾಲ ಹೊರಗಿತ್ತು. ಎರಡೂ ಅಲುಗುತ್ತಿದ್ದವು. ಆ ಮೇಲೆ ಟ್ಯಾಂಕಿನ ಅಂಚಿಗೆ ಹೋಗಲು ನನಗೆ ಹೆದರಿಕೆ. ದೂರದಿಂದಲೇ, ದಿನಾ ಸತ್ತು ತೇಲಿದವನ್ನು ಎಣಿಸಿ ಬರೆದುಕೊಳ್ಳುತ್ತಿದ್ದೆ. ಸಮೀಕರಣಕ್ಕೆ ಕೊಟ್ಟದ್ದು ಆ ಸಂಖ್ಯೆಯನ್ನೇ.

“ತೇಲಿದ್ದನ್ನು ಬರೆದ್ರೆ ಎಂತ ಸಿಗ್ತದೆ ಟೀಚರ್? ತಿಂದದ್ದರ ಹೆಣ ಎಲ್ಲಿ ಉಂಟು?” ಎಂದಿದ್ದರು ಅಕ್ಕ; ಓದಿದವಳೆಂದು ನನ್ನನ್ನು ಹಾಗೇ ಕರೆಯುತ್ತಿದ್ದರು. ನಾನು ನಕ್ಕುಬಿಟ್ಟೆ.

ಏಪ್ರಿಲಿನಲ್ಲಿ ಅವರ ಮಗಳನ್ನು ಹೆರಿಗೆಗೆ ಕಾಸರಗೋಡಿನ ಆಸ್ಪತ್ರೆಗೆ ಸೇರಿಸಿದರು. ಚೊಚ್ಚಲು, ಕಷ್ಟವಿದೆ ಎಂದಿದ್ದರಂತೆ ಡಾಕ್ಟರು. ಸಾಕಣೆ ಕೇಂದ್ರದ ಯಜಮಾನರು ಊರಲ್ಲಿರಲಿಲ್ಲ. ಅಕ್ಕ ಚೀಲ ಹಿಡಿದುಕೊಂಡೇ ಟ್ಯಾಂಕಿನ ಬಳಿ ನಿಂತಿದ್ದರು.

“ನಾನು ಹೋದ್ರೆ ಇವು ತಿಂದು ಮುಗಿಸ್ತವೆ.”

ನಾನು ಲ್ಯಾಪ್‌ಟಾಪಿನ ನಕ್ಷೆಯ ಗೆರೆ ತೋರಿಸಿದೆ. “ಒಂಬತ್ತು ದಿನ ಎಂತದೂ ಆಗುದಿಲ್ಲ ಅಕ್ಕ. ಲೆಕ್ಕ ಹೇಳ್ತದೆ. ನೀವು ಹೋಗಿ.”

ಅವರು ಗೆರೆ ನೋಡಲಿಲ್ಲ, ನನ್ನ ಮುಖ ನೋಡಿದರು. “ನೀವು ಹೇಳಿದ್ರೆ ಸರಿ” ಎಂದು ಬಸ್ಸಿಗೆ ಹೋದರು.

ಮೊದಲ ದಿನಗಳಲ್ಲಿ ತೇಲಿದ್ದು ಎರಡೋ ಮೂರೋ. ನನಗೆ ಖುಷಿಯೇ ಆಯಿತು. ಆರನೆಯ ಬೆಳಗ್ಗೆ ಆಹಾರ ಎರಚಿದರೆ, ಎಂದಿನಂತೆ ಮರಿಗಳು ಮುಗಿಬಿದ್ದು ನೀರು ಕುದಿಯಲೇ ಇಲ್ಲ. ಅಲ್ಲೊಂದು ಇಲ್ಲೊಂದು ಬಾಯಿ ಮೇಲೆ ಬಂತು, ಅಷ್ಟೆ. ಮಿಕ್ಕವನ್ನು ಇವು ತಿಂದಿವೆ ಎಂದು ಗೊತ್ತಾಯಿತು. ಅಕ್ಕನಿಗೆ ಫೋನ್ ಮಾಡಲು ಕೈ ಬರಲಿಲ್ಲ, ಯಾರಿಗೂ ಹೇಳಲಿಲ್ಲ. ಎಂಟನೆಯ ದಿನ ಯಜಮಾನರು ಬಂದು ನೀರು ಇಳಿಸಿದರು. ಸಾವಿರಾರು ಮರಿಗಳಿದ್ದಲ್ಲಿ ಹೊಟ್ಟೆಯುಬ್ಬಿದ ಕೆಲವೇ ಕೆಲವು ಉಳಿದಿದ್ದವು. ಒಂದು ಹೆಣವೂ ಇರಲಿಲ್ಲ.

ಅದೇ ಹೊತ್ತಿಗೆ ಅಕ್ಕ ಗೇಟು ದಾಟಿ ಬಂದರು, ಹೆಣ್ಣು ಮಗುವಾದ ಸುದ್ದಿ ಹೇಳುವ ಸಂಭ್ರಮದ ಮುಖದಲ್ಲಿ.

“ಯಾರನ್ನು ಕೇಳಿ ಹೋದದ್ದು ನೀನು?” ಯಜಮಾನರು ಕೂಗಿದರು.

ಅಕ್ಕ ನನ್ನತ್ತ ನೋಡಿದರು. ಒಂದೇ ಸಲ. ನಾನು ಹೇಳುತ್ತೇನೆಂದು ಕಾದರೇನೋ... ಇಲ್ಲಿಗೆ ನನ್ನನ್ನು ಮತ್ತೆ ಬಿಡಲಿಕ್ಕಿಲ್ಲ, ಪ್ರಬಂಧ ನಿಂತುಹೋದೀತು ಎಂಬ ಭಯ ನನಗೆ. ನಾನು ಪುಸ್ತಕದತ್ತ ತಲೆ ತಗ್ಗಿಸಿದೆ.

“ನನ್ನದೇ ತಪ್ಪು” ಎಂದರು ಅಕ್ಕ. ಆ ದಿನವೇ ಅವರ ಕೆಲಸ ಹೋಯಿತು.

ಆಮೇಲೆ ನಾನು ಸಮೀಕರಣ ತಿದ್ದಿದೆ. ತೇಲಿದವುಗಳ ಜೊತೆಗೆ ಕಾಣೆಯಾದವುಗಳನ್ನೂ ಸೇರಿಸಿದೆ, ಲೆಕ್ಕ ಸರಿಹೊಂದಿತು. ಡಾಕ್ಟರೇಟು ಬಂತು, ಕಾಲೇಜಿನಲ್ಲಿ ಕೆಲಸವೂ ಆಯಿತು. ಆದರೆ ಆ ದಾರಿಯ ಬಸ್ಸು ಹತ್ತಲು ಇಷ್ಟು ವರ್ಷ ಧೈರ್ಯವಾಗಲಿಲ್ಲ.

ನಿನ್ನೆ ಹೋದೆ. ಮನೆ ಕೇಳಿಕೊಂಡು ಹೋದಾಗ ಜಗಲಿಗೆ ಬಂದದ್ದು ಅವರ ಮಗಳು. ನಾನು ಯಾರೆಂದು ಹೇಳಿದೆ.

“ಅಮ್ಮ ಹೋಗಿ ಎರಡು ವರ್ಷ ಆಯ್ತು. ನಿಮ್ಮನ್ನು ಹೇಳ್ತಾ ಇದ್ರು. ಟೀಚರ್ ಲೆಕ್ಕ ತಪ್ಪಿರ್ಲಿಲ್ಲ, ದೊಡ್ಡದನ್ನು ಬೇರೆ ಮಾಡುವಾಗ ನನ್ನ ಕೈಯೇ ಎಲ್ಲೋ ತಪ್ಪಿರ್ಬೇಕು ಅಂತ.”

ಲೆಕ್ಕ ತಪ್ಪಿತ್ತು ಎಂದೆ. ಗೊತ್ತಿದ್ದೂ ಬಾಯಿ ಬಿಡಲಿಲ್ಲ ಎಂದೆ. ಎಲ್ಲವನ್ನೂ ಹೇಳಿದೆ.

ಅವಳು ಬಾಗಿಲತ್ತ ತಿರುಗಿದಳು.

“ಇದನ್ನು ಅಮ್ಮನಿಗೆ ಹೇಳ್ಬೇಕಿತ್ತು ಟೀಚರ್” ಎಂದು ಒಳಗೆ ಹೋದಳು. ನಾನು ಜಗಲಿಯಲ್ಲಿ ಕೂತೇ ಇದ್ದೆ. ಅವಳು ಮತ್ತೆ ಹೊರಗೆ ಬರಲಿಲ್ಲ.