ಎರಡು ಗೆರೆಗಳ ನಡುವೆ ಇಟ್ಟ ಚುಕ್ಕಿ

ಹೋದ ವರ್ಷ ಶ್ರಾವಣದ ಒಂದು ಬೆಳಿಗ್ಗೆ. ಹರಿಹರದ ನಮ್ಮ ಮನೆಯಿಂದ ದಿನಾ ದಾವಣಗೆರೆಗೆ ಹೋಗಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುವ ಮೊಮ್ಮಗಳು ಕಾವ್ಯಳಿಗೆ ಅಂದು ಎರಡನೇ ಸಲ ಮೌಖಿಕ ಪರೀಕ್ಷೆ. ಮೊದಲ ಸಲ ಬೋರ್ಡಿನ ಮುಂದೆ ಬಾಯಿ ಕಟ್ಟಿಹೋಗಿ ಅಳುತ್ತ ಬಂದಿದ್ದಳು. "ಈ ಸಲಾನೂ ಆಗ್ಲಿಲ್ಲ ಅಂದ್ರೆ ಕಾಲೇಜು ಬಿಡ್ತೀನಜ್ಜಿ" ಎಂದಿದ್ದಳು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಆ ಮಾತು ಕೇಳಿ ಊಟ ಸೇರಿರಲಿಲ್ಲ.

ಅಂದು ಅವಳು ಬಾಗಿಲ ಮುಂದಿನ ಸಿಮೆಂಟ್ ನೆಲದ ಮೇಲೆ ಸೀಮೆಸುಣ್ಣದಿಂದ ಎರಡು ಅಡ್ಡಗೆರೆ ಎಳೆದು ಸ್ನಾನಕ್ಕೆ ಹೋದಳು. ರಂಗೋಲಿ ಬಟ್ಟಲು ಹಿಡಿದು ಬಂದ ನಾನು, ಪಾಪ, ನನ್ನ ಕೆಲಸ ಅವಳೇ ಶುರು ಮಾಡಿದ್ದಾಳೆ ಎಂದುಕೊಂಡೆ. ನಡುವೆ ಖಾಲಿ ಬಿಟ್ಟರೆ ಚೆಂದವೇ? ಮೇಲಿನ ಗೆರೆಯ ಕೆಳಗೇ ಸಾಲಾಗಿ ಚುಕ್ಕಿ ಇಟ್ಟೆ.

ಒದ್ದೆ ತಲೆಯಲ್ಲಿ ಹೊರಬಂದವಳು ಹೌಹಾರಿದಳು.

"ಅಯ್ಯೋ ಅಜ್ಜಿ! ಅದು ಶುದ್ಧ ಸಿಲಿಕಾನಿನ ಚಿತ್ರ. ನಡುವೆ ಯಾರೂ ನಿಂದ್ರಂಗಿಲ್ಲ!"

"ಯಾರು ನಿಂತಾರೆ ಈಗ?"

"ಎಲೆಕ್ಟ್ರಾನು ಅಜ್ಜಿ, ಕಣ್ಣಿಗೆ ಕಾಣದಷ್ಟು ಸಣ್ಣವು. ಕೆಳಗಿನ ಗೆರೆ ಕೆಳಗೆ ಕಟ್ಟಿಹಾಕಿದಂಗೆ ಇರ್ತಾವೆ. ಮ್ಯಾಲಿನ ಗೆರೆ ದಾಟಿದ್ವೋ, ಆರಾಮಾಗಿ ಓಡಾಡ್ತಾವೆ. ಆಗ ಕರೆಂಟು ಹರೀತೈತೆ."

"ಇಷ್ಟೆತ್ತರ ಹೆಂಗೆ ಹಾರ್ತಾವೇ?"

"ಬಿಸಿ ತಾಗಿದ್ರೆ ಎಲ್ಲೋ ಒಂದೊಂದು ಹಾರ್ತಾವೆ. ಜಾಸ್ತಿ ಬೇಕಂದ್ರೆ ಚೂರು ರಂಜಕ, ಅದೇ ಫಾಸ್ಫರಸ್ಸು, ಬೆರೆಸ್ತಾರೆ, ಆಗ..."

ಅವಳ ಕಣ್ಣು ನನ್ನ ಚುಕ್ಕಿ ಸಾಲಿನ ಮೇಲೆ ಬಿತ್ತು. ಅಳಿಸಲು ಹೋದ ನನ್ನ ಕೈ ಹಿಡಿದಳು.

"ಬ್ಯಾಡಜ್ಜಿ! ರಂಜಕದ ಎಲೆಕ್ಟ್ರಾನು ನೀ ಚುಕ್ಕಿ ಇಟ್ಟಲ್ಲೇ ಇರ್ತಾವೆ, ಮ್ಯಾಲಿನ ಗೆರೆ ಬುಡದಾಗೆ. ಅವಕ್ಕೆ ಅಷ್ಟು ಎತ್ತರ ಹಾರೋದೇ ಬ್ಯಾಡ, ಒಂದು ಸಣ್ಣ ಮೆಟ್ಟಿಲು ಹತ್ತಿದ್ರೆ ಸಾಕು! ಹೋದ ಸಲ ಮೇಷ್ಟ್ರು ಕೇಳಿದ್ದು ಇದನ್ನೇ ಕಣಜ್ಜಿ."

"ಹಂಗಾದ್ರೆ ಪರೀಕ್ಷೆಗೆ ನನ್ನೂ ಕರ್ಕೊಂಡು ಹೋಗು" ಎಂದು ತಮಾಷೆ ಮಾಡಿದೆ. ಅವಳು ನಿಜವಾಗಿಯೂ ಕರೆದುಕೊಂಡು ಹೋದಳು! ವಿದ್ಯಾನಗರದ ಕಾಲೇಜಿನ ಹೊಂಗೆ ಮರದ ಕೆಳಗೆ ಕೂತು ಇದ್ದಬದ್ದ ದೇವರನ್ನೆಲ್ಲ ನೆನೆದೆ. ಮಧ್ಯಾಹ್ನ ಓಡಿಬಂದು ತಬ್ಬಿಕೊಂಡಳು.

"ಪಾಸಾತಜ್ಜಿ! ಬೋರ್ಡ್ ಮ್ಯಾಲೆ ಬರೆದು ತೋರಿಸಿ ಪಟಪಟ ಹೇಳಿಬಿಟ್ಟೆ. ಮೇಷ್ಟ್ರು, 'ಸಾಕು ನಿಲ್ಸಮ್ಮಾ, ಉಳಿದೋರೂ ಅದಾರೆ' ಅಂದ್ರು!"

ನಾನು ಅತ್ತೆನೋ ನಕ್ಕೆನೋ ನೆನಪಿಲ್ಲ. ಅವಳು ಪಾಸಾದದ್ದು ಒಂದು ಖುಷಿ. ಇಂಥ ಪಾಠ ನನ್ನ ತಲೆಗೂ ಹತ್ತಿತಲ್ಲ, ಅದು ಇನ್ನೊಂದು. ನೆನೆದರೆ ಈಗಲೂ ಎದೆ ಉಬ್ಬುತ್ತದೆ. ವಾಪಸ್ ಬರುವಾಗ ಬಸ್ಸಿನಲ್ಲಿ ತಡೆಯಲಾಗದೆ ಪಕ್ಕದ ಸೀಟಿನ ಹೆಂಗಸಿಗೂ ಎಲ್ಲ ವಿವರಿಸಿದೆ.

"ಅಜ್ಜಿ, ಎಷ್ಟನೇ ಕ್ಲಾಸು ಓದೀರಿ?" ಎಂದು ಆಕೆ ಬೆರಗಾಗಿ ಕೇಳಿದಳು.

"ಈಗ ಶುರು ಮಾಡೀನಮ್ಮ" ಎಂದೆ.