ಲಕ್ಷ್ಮಮ್ಮನ ಬೆನ್ನಿನ ನಾಲ್ಕನೇ ಸ್ಕ್ರೂ

ಎರಡು ವರ್ಷದ ಹಿಂದೆ, ಯುಗಾದಿ ಕಳೆದ ಮರುವಾರ ನಡೆದದ್ದು ಇದು. ನಾನು ಅರಸೀಕೆರೆಯವಳು. ತುಮಕೂರಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಎಂಜಿನಿಯರ್. ಬೆನ್ನುಮೂಳೆಯ ಆಪರೇಷನ್ನಿಗೆ ಬೇಕಾದ ಸ್ಕ್ರೂ, ಸರಳು, ಅವನ್ನು ಕೂರಿಸುವ ಉಪಕರಣಗಳನ್ನು ನಾವು ತಯಾರಿಸುತ್ತೇವೆ. ಏನು ಕೆಲಸ ಎಂದು ನೆಂಟರು ಕೇಳಿದರೆ "ಸ್ಕ್ರೂಡ್ರೈವರ್ ಮಾಡ್ತೀನಿ" ಅಂದುಬಿಡುತ್ತೇನೆ. ಅವರು ಮುಂದೆ ಕೇಳುವುದಿಲ್ಲ.

ನಮ್ಮ ಹೊಸ ಸೆಟ್ಟನ್ನು ಹಾಸನದ ಒಂದು ಆಸ್ಪತ್ರೆಯಲ್ಲಿ ಮೊದಲ ಸಲ ಬಳಸುವವರಿದ್ದರು. ಕಾರ್ಖಾನೆಯಿಂದ ಯಾರಾದರೂ ಜೊತೆಗಿರಲಿ ಎಂದು ಡಾಕ್ಟರು ಕೇಳಿದ್ದರಿಂದ ನಮ್ಮ ಮಾಲೀಕರು ನನ್ನನ್ನು ಕಳಿಸಿದರು. ಐದು ವರ್ಷ ಈ ಉಪಕರಣಗಳನ್ನು ಮಾಡಿದ್ದರೂ ಆಪರೇಷನ್ ಥಿಯೇಟರಿನ ಒಳಗೆ ಕಾಲಿಟ್ಟಿದ್ದು ಅದೇ ಮೊದಲು.

ರೋಗಿ ಮಾದಿಹಳ್ಳಿಯ ಲಕ್ಷ್ಮಮ್ಮ. ವಯಸ್ಸು ಐವತ್ತರ ಮೇಲೆ. ಎರಡು ಹಸು ಸಾಕಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದವರು. ಸೊಂಟದ ಹತ್ತಿರ ಒಂದು ಮೂಳೆ ಮುಂದಕ್ಕೆ ಜಾರಿ ನರ ಒತ್ತುತ್ತಿತ್ತು. ಹತ್ತು ಹೆಜ್ಜೆ ಇಡುವಷ್ಟರಲ್ಲಿ ಕಾಲು ಜೋಮು ಹಿಡಿದು ಕೂತುಬಿಡಬೇಕಿತ್ತಂತೆ. ಥಿಯೇಟರಿನ ಬಾಗಿಲಲ್ಲಿ ಸ್ಟ್ರೆಚರ್ ಮೇಲೆ ಮಲಗಿದ್ದವರು ನನ್ನನ್ನು ನರ್ಸ್ ಎಂದುಕೊಂಡು, ವಾಸಿಯಾದ ಮೇಲೆ ಹಾಲು ಕರೆಯಬಹುದಾ ಎಂದು ಕೇಳಿದರು. ನನಗೆ ಗೊತ್ತಿಲ್ಲ, ಡಾಕ್ಟರನ್ನು ಕೇಳಿ ಅಂದೆ. ಬೇರೆ ಏನಾದರೂ ಧೈರ್ಯ ಹೇಳಬಹುದಿತ್ತು. ತೋಚಲಿಲ್ಲ.

ಮೂರು ಸ್ಕ್ರೂ ಸಲೀಸಾಗಿ ಕೂತವು. ನಾಲ್ಕನೆಯದೂ ಕೂತಿತು, ಆದರೆ ಡ್ರೈವರ್ ಬಿಟ್ಟುಬರಲಿಲ್ಲ. ಈ ಡ್ರೈವರಿಗೆ ಹೊರಗಡೆ ಒಂದು ಕೊಳವೆ ಇರುತ್ತದೆ. ಅದು ಸ್ಕ್ರೂವಿನ ತಲೆಯನ್ನು ಕಚ್ಚಿ ಹಿಡಿದಿರುತ್ತದೆ. ಕೆಲಸ ಮುಗಿದ ಮೇಲೆ ಕೊಳವೆಯನ್ನು ಹಿಂದಕ್ಕೆ ತಿರುಗಿಸಿದರೆ ಬಿಡಬೇಕು. ಅದು ತಿರುಗುತ್ತಿರಲಿಲ್ಲ. ಡಾಕ್ಟರು ಎರಡು ಸಲ ತಿರುಗಿಸಿ ನೋಡಿದರು. ಆಮೇಲೆ ಹಿಡಿಯನ್ನು ಮೆಲ್ಲಗೆ ಆ ಕಡೆ ಈ ಕಡೆ ಅಲ್ಲಾಡಿಸಿದರು. ಹಾಗೆ ಅಲ್ಲಾಡಿಸಿದರೆ ಮೂಳೆಯೊಳಗೆ ಸ್ಕ್ರೂ ಸಡಿಲವಾಗುತ್ತದೆ. ಪಕ್ಕದಲ್ಲೇ ನರ.

ಆ ಕೊಳವೆ ನನಗೆ ಗೊತ್ತಿತ್ತು. ಹಿಂದಿನ ವಾರ ಜೋಡಿಸುವಾಗಲೇ ಅದೊಂದು ಕೈಗೆ ಬಿಗಿ ಅನ್ನಿಸಿತ್ತು. ಅಳೆದು ನೋಡಿದರೆ ಎಲ್ಲ ಅಳತೆಯೂ ಸರಿ ಇತ್ತು, ಸಹಿ ಹಾಕಿಬಿಟ್ಟಿದ್ದೆ. ಅದು ಹಿಡಿದುಕೊಂಡಾಗ ಬಿಡಿಸುವ ಉಪಾಯವೂ ಕೈಗೆ ಹತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಈಗ ಬಾಯಿಬಿಟ್ಟರೆ, ಮೊದಲೇ ಗೊತ್ತಿತ್ತು ಅನ್ನುವುದೂ ಹೊರಬೀಳುತ್ತದೆ. ಹಾಗೆ ಯೋಚಿಸುತ್ತಾ ಎರಡು ಕ್ಷಣ ಸುಮ್ಮನೆ ನಿಂತೆ. ಆ ಎರಡು ಕ್ಷಣವನ್ನು ನಾನು ಇವತ್ತಿಗೂ ಮರೆತಿಲ್ಲ.

ಆಮೇಲೆ ಹೇಳಿದೆ: "ಸರ್, ಅಲ್ಲಾಡಿಸಬೇಡಿ. ಹಿಡಿ ನೆಟ್ಟಗೆ ಇರಲಿ, ಪಕ್ಕಕ್ಕೆ ಭಾರ ಬೀಳಬಾರದು. ಕೊಳವೆ ಒಳಗೆ ಸ್ವಲ್ಪ ಸಲೈನ್ ಬಿಡಿಸಿ, ಆಮೇಲೆ ತಿರುಗಿಸಿ."

ಡಾಕ್ಟರು ತಲೆ ಎತ್ತಲಿಲ್ಲ. ನಾನು ಹೇಳಿದಂತೆಯೇ ಮಾಡಿದರು. ಟಕ್ ಎಂದು ಸಣ್ಣ ಸದ್ದಾಯಿತು, ಕೊಳವೆ ಬಿಟ್ಟಿತು. ಎಕ್ಸ್-ರೇ ತೆಗೆದು ನೋಡಿದರು. ಸ್ಕ್ರೂ ಇದ್ದಲ್ಲೇ ಇತ್ತು, ಬಿಗಿಯಾಗಿಯೇ ಇತ್ತು.

ಹೊರಗೆ ಬಂದ ಮೇಲೆ, ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದರು. ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಬೈಯಲಿಲ್ಲ. "ಈ ಸೆಟ್ ವಾಪಸ್ ತಗೊಂಡು ಹೋಗಿ, ಸರಿಮಾಡ್ಕೊಂಡು ಬನ್ನಿ" ಅಂದರು, ಅಷ್ಟೆ. ಮಾಲೀಕರಿಗೂ ಹೇಳಿದೆ. ಕೆಲಸ ಹೋಯಿತು ಎಂದೇ ಅಂದುಕೊಂಡಿದ್ದೆ. ಅವರು ಎಲ್ಲ ಕೊಳವೆಗಳನ್ನೂ ತರಿಸಿ ಮೇಜಿನ ಮೇಲೆ ಸುರಿದು, ಕೂತು ಒಂದೊಂದನ್ನೇ ತಿರುಗಿಸಿ ನೋಡು ಅಂದರು. ಒಳಗಿನ ಸಂದು ಹಿಗ್ಗಿಸಿ, ತೊಳೆಯಲು ಕಿಂಡಿ ಕೊಟ್ಟು ಹೊಸದಾಗಿ ಮಾಡಲು ಎರಡು ತಿಂಗಳು ಹಿಡಿಯಿತು.

ಸರಿಮಾಡಿದ ಸೆಟ್ ಕೊಡಲು ಹೋದ ದಿನವೇ ಲಕ್ಷ್ಮಮ್ಮ ತೋರಿಸಿಕೊಳ್ಳಲು ಬಂದಿದ್ದರು. ವರಾಂಡದಲ್ಲಿ ನಡೆದು ಬರುತ್ತಿದ್ದರು. ನಿಮ್ಮ ಸ್ಕ್ರೂ ಮಾಡಿದ್ದು ಇವರೇ ಎಂದು ಡಾಕ್ಟರು ಪರಿಚಯಿಸಿದರು. ಲಕ್ಷ್ಮಮ್ಮ ನನ್ನ ಎರಡೂ ಕೈ ಹಿಡಿದುಕೊಂಡು, ಊರಿಗೆ ಬರಲೇಬೇಕು ಎಂದು ಮಾತು ತಗೊಂಡರು. ಆ ಕೈಯನ್ನು ಬಿಡಿಸಿಕೊಳ್ಳುವುದೇ ನನಗೆ ಕಷ್ಟವಾಯಿತು.

ಒಂದು ಭಾನುವಾರ ಅರಸೀಕೆರೆಯಿಂದ ಜಾವಗಲ್, ಹಳೇಬೀಡಿನ ಮೇಲೆ ಮಾದಿಹಳ್ಳಿಗೆ ಹೋದೆ. ಲಕ್ಷ್ಮಮ್ಮ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಮಾಡಿದ್ದರು. ತಟ್ಟೆ ಮುಟ್ಟುವ ಮೊದಲೇ ನಾನು ಹೇಳಬೇಕಾದ್ದನ್ನು ಹೇಳಿದೆ. ಉಪಕರಣ ಸಿಕ್ಕಿಕೊಂಡ ವಿಷಯ ಡಾಕ್ಟರು ಅವರಿಗೆ ಮರುದಿನವೇ ತಿಳಿಸಿದ್ದರಂತೆ. ನನಗೆ ಮೊದಲೇ ಅನುಮಾನ ಇತ್ತು ಅನ್ನುವುದು ಅವರಿಗೆ ಗೊತ್ತಿರಲಿಲ್ಲ.

ಅವರು ಚಟ್ನಿಯ ಬಟ್ಟಲು ಕೆಳಗಿಟ್ಟು ಕೇಳಿದರು:

"ಗೊತ್ತಿದ್ದೂ ಯಾಕವ್ವ ಯೋಳ್ಲಿಲ್ಲ?"

"ಅಳತೆ ಸರಿ ಇತ್ತಮ್ಮ. ಕೈಗೆ ಅನ್ನಿಸಿದ್ದನ್ನ ನಂಬಲಿಲ್ಲ."

ಅವರು ಎದ್ದು ಕೊಟ್ಟಿಗೆಗೆ ಹೋದರು. ಕುಕ್ಕರುಗಾಲಲ್ಲಿ ಕೂರಬೇಡಿ ಎಂದು ಡಾಕ್ಟರು ಹೇಳಿದ್ದರಿಂದ ಎತ್ತರದ ಸ್ಟೂಲ್ ಮಾಡಿಸಿಕೊಂಡಿದ್ದರು. ಹಸುವಿಗೆ ಹುಲ್ಲು ಹಾಕಿ, ಅದರ ಮೈ ಸವರಿ, ಹಾಲು ಕರೆಯಲು ಕೂತರು. ನಾನೂ ಹಿಂದೆಯೇ ಎದ್ದು ಹೋಗಿ ಬಾಗಿಲಲ್ಲಿ ನಿಂತೆ. ಹಾಗೇ ಹೊರಟುಬಿಡಲೇ ಅನ್ನಿಸಿತು.

ತಂಬಿಗೆ ಅರ್ಧ ತುಂಬಿದ ಮೇಲೆ, ತಿರುಗದೆಯೇ ಕೇಳಿದರು: "ಇನ್ಯಾರ್ಗೂ ಹಂಗಾಗಾಕಿಲ್ವಲ್ಲ?"

ಇಲ್ಲ, ಎಲ್ಲವನ್ನೂ ಬದಲಾಯಿಸಿದ್ದೇವೆ ಅಂದೆ.

"ಹಂಗಾದ್ರೆ ಬಾ, ರೊಟ್ಟಿ ಆರೋಯ್ತದೆ."

ಆ ರೊಟ್ಟಿ ತಿನ್ನುವಾಗ ಕಣ್ಣಲ್ಲಿ ನೀರು ಬಂತು. ಚಟ್ನಿ ಖಾರ ಅಂದೆ. ಅವರು ನಂಬಿದಂತೆ ಕಾಣಲಿಲ್ಲ, ಬೆಣ್ಣೆ ಮಾತ್ರ ಇನ್ನೊಂದಿಷ್ಟು ಹಾಕಿದರು. ಹೊರಡುವಾಗ, ಬೆನ್ನಿನೊಳಗೆ ಇರುವುದು ಹೇಗಿದೆ ಎಂದು ನೋಡಬೇಕು, ಮುಂದಿನ ಸಲ ಅಂಥದ್ದೊಂದು ಸ್ಕ್ರೂ ತಾ ಅಂದರು.

ಅಂದಿನಿಂದ ಕಾರ್ಖಾನೆಯಲ್ಲಿ, ಅಳತೆ ಎಷ್ಟೇ ಸರಿ ಇರಲಿ, ಕೈಗೆ ಬಿಗಿ ಅನ್ನಿಸಿದ್ದನ್ನು ಪಕ್ಕಕ್ಕಿಟ್ಟು ಎಲ್ಲರನ್ನೂ ಕರೆಯುತ್ತೇನೆ. ಕೆಲವರು ಗೊಣಗುತ್ತಾರೆ, ಗೊಣಗಲಿ.

ಮತ್ತೆ ಹೋದಾಗ, ಬಳಕೆಗೆ ಬಾರದ ಒಂದು ಮಾದರಿ ಸ್ಕ್ರೂ ತೆಗೆದುಕೊಂಡು ಹೋದೆ. ಲಕ್ಷ್ಮಮ್ಮ ಅದನ್ನು ಅಂಗೈ ಮೇಲಿಟ್ಟುಕೊಂಡು ಕಿರುಬೆರಳಿನ ಪಕ್ಕ ಹಿಡಿದು ನೋಡಿದರು. ಇಷ್ಟು ಚಿಕ್ಕದಾ ಎಂದು ಅವರಿಗೆ ಆಶ್ಚರ್ಯ. ಪಕ್ಕದ ಮನೆಯವಳನ್ನು ಕೂಗಿ ಕರೆದರು.

"ಇಂಥವು ನಾಕು ಅವೆ ಕಣೇ ನನ್ನ ಬೆನ್ನಾಗೆ. ನಮ್ಮ ಈ ಹುಡ್ಗಿನೇ ಮಾಡಿರಾದು."

ನನ್ನ ತಪ್ಪಿನ ವಿಷಯ ಅವರು ಎತ್ತಲಿಲ್ಲ. ಕೆಲಸಕ್ಕೆ ಸೇರಿದ ದಿನದಿಂದ ನನ್ನ ಕೆಲಸದ ಬಗ್ಗೆ ಯಾರೂ ಹೀಗೆ ಹೇಳಿಕೊಂಡದ್ದನ್ನು ಕೇಳಿರಲಿಲ್ಲ. ಅರಸೀಕೆರೆಗೆ ವಾಪಸ್ ಬರುವ ಬಸ್ಸಿನಲ್ಲಿ, ನಿಂತುಕೊಂಡೇ ಬಂದರೂ, ಉದ್ದಕ್ಕೂ ಒಬ್ಬಳೇ ನಗುತ್ತಿದ್ದೆ.