ಮಳೆ ಬಾರದ ಮಂಗಳ

ಬೆಳಕು ಹರಿಯುವ ಹೊತ್ತಿಗೆ ಮರಾಠಿ ಸೀಮೆಯ ರಬಾಳೆಯಲ್ಲಿ ಕಲ್ಲನ್ನು ಜಲ್ಲಿ ಮಾಡುವ ಖಡಿ ಮಷಿನ್ನು ಅರಚತೊಡಗುತ್ತದೆ. ಸಿದ್ರಾಮ ಮೂಗು ಬಾಯಿಗೆ ಟವೆಲ್ಲು ಸುತ್ತಿಕೊಂಡು ಮಷಿನ್ನಿನೊಳಗೆ ಕಲ್ಲು ದೂಡುತ್ತಾರೆ. ಬಿಳಿ ಧೂಳೆದ್ದು, ಆಗಷ್ಟೇ ಮೂಡಿದ ಸೂರ್ಯ ಮಸುಕಾಗುತ್ತಾನೆ. ಧೂಳು ಅಡಗಲು ನೀರು ಹೊಡೆಯಬೇಕೆಂಬ ನಿಯಮವಿದೆ, ಪೈಪೂ ಇದೆ. ಸಾಹೇಬರು ತಪಾಸಣೆಗೆ ಬಂದ ದಿನ ಮಾತ್ರ ಅದರಲ್ಲಿ ನೀರು ಬರುತ್ತದೆ.

ಸಿದ್ರಾಮ ವಿಜಾಪುರದ ಕಡೆಯಿಂದ ಹರೆಯದಲ್ಲೇ ಬಂದು ಇಲ್ಲಿ ಸೇರಿದವರು. ಈಗ ನಾಲ್ಕು ಹೆಜ್ಜೆಗೆ ಏದುಸಿರು. ಪುಪ್ಪುಸದಲ್ಲಿ ಕಲ್ಲಿನ ಹುಡಿ ಕೂತಿದೆ, ಹೋಗುವಂಥದ್ದಲ್ಲ, ಕೆಲಸ ಬಿಡು ಎಂದಿದ್ದಾರೆ ಡಾಕ್ಟರು. ಬಿಟ್ಟರೆ ಒಲೆ ಉರಿಯುವುದಿಲ್ಲ. ರಜೆಯ ದಿನ ಸಿದ್ರಾಮ ಮಂಗಳಗ್ರಹದ ಕತೆ ಬರೆಯುತ್ತಾರೆ. ತಮ್ಮ ಹೆಸರನ್ನು ಒಮ್ಮೆಯಾದರೂ ಅಚ್ಚಿನಲ್ಲಿ ಕಾಣುವ ಆಸೆ.

ಮೊದಲು ಬರೆದ ಕತೆಯಲ್ಲಿ ಬಿರುಗಾಳಿ ಡೇರೆಯನ್ನೇ ಕಿತ್ತು ಹಾರಿಸಿತ್ತು. ಕನ್ನಡ ಶಾಲೆಯ ಉಮಾವತಿ ಟೀಚರ್ ಓದಿ ನಕ್ಕುಬಿಟ್ಟರು. ಏಳೆಂಟು ವರ್ಷದ ಹಿಂದೆ ಮಂಗಳದಲ್ಲಿ ಇಳಿದ ಯಂತ್ರಗಳು ಕಳಿಸಿದ ಸುದ್ದಿಯನ್ನು ಅವರೇ ಬಿಡಿಸಿ ಹೇಳಿದರು. ಅಲ್ಲಿನ ಗಾಳಿ ತೀರ ತೆಳು. ಎಷ್ಟು ವೇಗವಾಗಿ ಬೀಸಿದರೂ ಮನುಷ್ಯನನ್ನು ಕೆಡವದು. ನವುರು ಧೂಳನ್ನು ಮಾತ್ರ ತಿಂಗಳುಗಟ್ಟಲೆ ಆಕಾಶದಲ್ಲಿ ಹಿಡಿದಿಡುತ್ತದೆ.

"ಟೀಚರ್ ಮಾತು ಕೇಳಿ ಮೈ ಝುಂ ಅಂತ್ರೀ," ಎನ್ನುತ್ತಾರೆ ಸಿದ್ರಾಮ. "ಗಾಳಿ ಅಲ್ರೀ, ಧೂಳು ಕೊಲ್ಲತೈತಿ. ಗೊತ್ತಿದ್ದದ್ದು ಬಿಟ್ಟು ಗೊತ್ತಿಲ್ಲದ್ದು ಬರೀಲಿಕ್ಕೆ ಹೋಗಿದ್ದೆ ನೋಡ್ರಿ."

ಹೊಸ ಕತೆಯಲ್ಲಿ ಏನೂ ಹಾರುವುದಿಲ್ಲ. ಹಗಲು ಮಂಕಾಗುತ್ತದೆ, ಬಿಸಿಲಿನಿಂದ ನಡೆಯುವ ಯಂತ್ರಗಳು ಒಂದೊಂದಾಗಿ ನಿಲ್ಲುತ್ತವೆ. ಡೇರೆಯೊಳಗೊಬ್ಬ ಚಳಿಯಲ್ಲಿ ಕಾಯುತ್ತ ಕೂರುತ್ತಾನೆ.

ಡೊಂಬಿವಲಿಯಲ್ಲಿ ಕನ್ನಡ ಮಾಸಿಕವೊಂದನ್ನು ನಡೆಸುವ ಹೋಟೆಲಿನ ಜಯಶೀಲರು ಕತೆ ಮೆಚ್ಚಿದರು, ಕೊನೆ ಮೆಚ್ಚಲಿಲ್ಲ.

"ಒಂದು ಜೋರು ಮಳೆ ಬರಿಸು ಮಾರಾಯ, ಧೂಳೆಲ್ಲ ಕೂತುಕೊಳ್ಳಲಿ. ಪಾಪ, ಅವ ಬದುಕಲಿ!"

"ಅಣ್ಣಾ, ಅದು ಮಂಗಳ, ನಿಮ್ಮ ಮಂಗಳೂರಲ್ಲ. ಇಲ್ಲೇ ನೀರು ಹೊಡ್ಯಾವ್ರಿಲ್ಲ, ಅಲ್ಲಿ ಯಾರು ಹೊಡೀತಾರ?"

ಜಯಶೀಲರು ನಕ್ಕರು. ಆಮೇಲೆ ಮಳೆಯನ್ನು ತಾವೇ ಸೇರಿಸಿ ಅಚ್ಚಿಗೆ ಕೊಟ್ಟರು. ಕರಡು ತಿದ್ದಲು ಹೋದ ಸಿದ್ರಾಮ ಕತೆಯನ್ನೇ ವಾಪಸು ತಂದರು.

ಹೆಂಡತಿ ನೀಲಗಂಗಾಗೆ ಇನ್ನೂ ಸಿಟ್ಟು ಇಳಿದಿಲ್ಲ. "ಹೆಸರು ಅಚ್ಚಾಗತಿತ್ತು. ನಾಕು ಹನಿ ಮಳಿ ಬಂದ್ರ ನಿಮ್ಮ ಗಂಟೇನು ಹೋಗತಿತ್ತು?" ಎಂದು ಚಹಾ ಮುಂದಿಡುತ್ತಾರೆ. ತುಸು ಹೊತ್ತಿನ ನಂತರ ಮೆಲ್ಲಗೆ ಕೇಳುತ್ತಾರೆ: "ಮಳಿ ಇಲ್ಲಂದ್ರ, ಆ ಧೂಳು ಇಳಿಯೂದs ಇಲ್ಲೇನು?"

ಸಿದ್ರಾಮ ಕೆಮ್ಮಿ ಮುಗಿಸಿ, ಚಹಾ ಒಂದು ಗುಟುಕು ಕುಡಿಯುತ್ತಾರೆ.

"ಅಲ್ಲಿ ಇಳೀತೈತಿ. ಭಾಳ ದಿನ ಹಿಡೀತೈತಿ, ಆದ್ರ ತಾನs ಇಳೀತೈತಿ. ಆ ಕತಿ ಹಂಗs ಯಾರರೆ ಅಚ್ಚು ಹಾಕಿದ್ರ ಸಾಕು."